ಲಂಕೆಯ ಬೆಟ್ಟದಲ್ಲಿ ಬ್ಯಾಡಗಿಯ ಪಾಳಿ

ಮೂರು ಗಂಟೆ ಇಪ್ಪತ್ತು ನಿಮಿಷ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ: ಆ ಕ್ಷಣಕ್ಕೆ ಸರಿಯಾಗಿ ನಾನು ಕೈಗಡಿಯಾರ ನೋಡಿಕೊಂಡಿದ್ದೆ. ಜೊತೆಗೆ ಬಂದಿದ್ದ ಗಿರಿಜಕ್ಕನ ಗಡಿಯಾರದಲ್ಲಿ ಮಾತ್ರ ಆಗ ಎರಡು ಐವತ್ತು. ಶ್ರೀಲಂಕಾದ ಹೊತ್ತು ಆ ವರ್ಷಗಳಲ್ಲಿ ನಮ್ಮದಕ್ಕಿಂತ ಅರ್ಧ ಗಂಟೆ ಮುಂದಿತ್ತು. "ಎಂಟ ದಿನದ ಸಲುವಾಗಿ ನಾ ಯಾಕ ಮುಳ್ಳು ತಿರುವ್ಲಿ? ಬ್ಯಾಡಗಿ ಒಳಗ ಎಷ್ಟಾತು ಅನ್ನೂದು ಗೊತ್ತಿದ್ರ ನನಗ ಸಾಕು" ಎಂದು ಅವರು ಕೊಲಂಬೊದಲ್ಲಿ ಇಳಿದಾಗಲೇ ಹೇಳಿಬಿಟ್ಟಿದ್ದರು.

ನಾವು ಆಗ ಅಲ್ಲಿಯ ಬೆಟ್ಟಸೀಮೆಯ ಒಂದು ಸಣ್ಣ ಊರಿನಲ್ಲಿದ್ದೆವು. ಊರಿನ ಮೇಲ್ಭಾಗದಲ್ಲಿ ಚಹಾ ತೋಟ, ತೋಟದ ಕೂಲಿಗಾರರಿಗೆ ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು, ಅವುಗಳ ಪಕ್ಕದಲ್ಲಿ ಬಂಡೆಯ ಸಂದಿಯಿಂದ ಜಿನುಗುವ ಒಂದು ಒರತೆ. ಆ ನೀರನ್ನು ತೊಟ್ಟಿಗೆ ಕೂಡಿಸಿ ನಳಗಳಿಗೆ ಬಿಡುವ ಕೆಲಸವನ್ನು ನಮ್ಮ ಪುರಸಭೆಯಂಥ ಅಲ್ಲಿಯ ಸ್ಥಳೀಯ ಸಭೆಯವರೂ ನಿವಾಸಿಗಳೂ ಸೇರಿ ಮಾಡಿದ್ದರು. ಅದನ್ನು ನೋಡಲೆಂದೇ ನಮ್ಮನ್ನು ಕರೆತಂದಿದ್ದರು. ನಾನು ತೊಟ್ಟಿಯನ್ನು ದಾಟಿ ಕಾಲುದಾರಿಯಲ್ಲಿ ಹದಿನೈದಿಪ್ಪತ್ತು ಹೆಜ್ಜೆ ಮುಂದೆ ಬಂದಿದ್ದೆ. ಗಿರಿಜಕ್ಕ ಹಿಂದೆ ಉಳಿದು, ಅಂದು ಕೂಲಿಗೆ ಹೋಗದಿದ್ದ ಮಾರಿಯಾಯಿ ಎಂಬ ಮುದುಕಿಗೆ ಕೊಡ ತಲೆಗೇರಿಸಿಕೊಡುತ್ತಿದ್ದರು. ಹೊತ್ತಾಯಿತೆಂದು ನೆನಪಿಸಲು ಗಡಿಯಾರ ನೋಡಿ ತಲೆ ಎತ್ತಿದೆ.

ಮೇಲಿನ ಇಳಿಜಾರಿನಲ್ಲಿ ಒಂದು ಗಿಡ ನಡೆದು ಬರುತ್ತಿತ್ತು. ಬೀಳುತ್ತಿರಲಿಲ್ಲ, ವಾಲುತ್ತಿರಲಿಲ್ಲ. ನಿಂತ ನಿಲುವಿನಲ್ಲೇ, ಬೇರಿನ ಸಮೇತ, ನಡೆದು ಬರುತ್ತಿತ್ತು. ಸದ್ದು ಬಂದದ್ದು ಆಮೇಲೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಲಾರಿಯ ಮೇಲಿಂದ ಮೆಣಸಿನಕಾಯಿ ಚೀಲಗಳನ್ನು ಉರುಳಿಸಿದಾಗ ಆಗುವ ಮೆತ್ತನೆಯ ಸದ್ದು, ಆದರೆ ಸಾವಿರ ಚೀಲ ಒಮ್ಮೆಲೇ ಉರುಳಿಸಿದಂತೆ.

ಗಿರಿಜಕ್ಕ ಮುದುಕಿಯ ಮಣಿಕಟ್ಟು ಹಿಡಿದು ಎಳೆದರು. ಮುದುಕಿ ಇನ್ನೊಂದು ಕೈಯಲ್ಲಿ ಕೊಡದ ಕೊರಳನ್ನು ಬಿಡಲೊಲ್ಲಳು. "ಬಿಡs ಯವ್ವಾ, ಬಿಡs!" ಎಂದು ಗಿರಿಜಕ್ಕ ಕೊಡಕ್ಕೆ ಮೊಣಕೈಯಿಂದ ಬಲವಾಗಿ ಹೊಡೆದರು. ಕೊಡ ಉರುಳಿತು, ಇಬ್ಬರೂ ನನ್ನ ಕಡೆಗೆ ಓಡಿ ಬಂದರು. ಅವರು ಬಿಟ್ಟ ಜಾಗದ ಮೇಲೆ ಕೆಂಪು ಮಣ್ಣು ಹರಿದುಹೋಯಿತು. ತೊಟ್ಟಿ, ಪೈಪು, ಒಂದು ಕೊಟ್ಟಿಗೆ, ಸಾಲಿನ ಕೊನೆಯ ಮೂರು ಮನೆ, ಎಲ್ಲವೂ ಹೋದವು. ಬಂಡೆಯ ಒರತೆ ಮಾತ್ರ ಉಳಿಯಿತು. ಜನ ಚಹಾ ಎಲೆ ಕೀಳಲು ಹೋಗಿದ್ದರಿಂದ ಮನೆಗಳು ಖಾಲಿ ಇದ್ದವು. ಕೊಟ್ಟಿಗೆಯಲ್ಲಿದ್ದ ಒಂದು ಆಕಳು ಸತ್ತಿತು.

ನಾನು ಏನು ಮಾಡಿದೆ ಎಂದು ನಮ್ಮೂರಿನಲ್ಲಿ ಬಹಳ ಜನ ಕೇಳಿದ್ದಾರೆ. ಏನೂ ಮಾಡಲಿಲ್ಲ. ಓಡಲಿಲ್ಲ, ಕೂಗಲೂ ಇಲ್ಲ. ಗಡಿಯಾರದ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ.

ಹಾವೇರಿಯಿಂದ ಕೊಲಂಬೊ

ನಾವು ಅಲ್ಲಿಗೆ ಹೋದದ್ದು ಹೇಗೆ ಎನ್ನುವುದನ್ನು ಈಗ ಹೇಳಬೇಕು. ಸ್ಥಳೀಯ ಆಡಳಿತ ಮತ್ತು ಜನರು ಸೇರಿ ಮಾಡುವ ಕೆಲಸಗಳನ್ನು ಪರಸ್ಪರ ನೋಡಿ ಕಲಿಯಲೆಂದು ಒಂದು ಸಂಸ್ಥೆ ಏರ್ಪಡಿಸಿದ್ದ ಪ್ರವಾಸ ಅದು. ಹಾವೇರಿ ಜಿಲ್ಲೆಯಾಗಿ ಆರೇಳು ವರ್ಷವಾಗಿತ್ತು. ಹೊಸ ಜಿಲ್ಲೆಯಿಂದಲೂ ಮೂವರು ಬರಲಿ ಎಂದರು. ಗಿರಿಜಕ್ಕ ಬ್ಯಾಡಗಿ ಪುರಸಭೆಯ ಸದಸ್ಯೆ. ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಖಾದರ್ ಸಾಹೇಬರು ಹಾವೇರಿಯಲ್ಲಿ ಮೂವತ್ತು ವರ್ಷ ನೀರಿನ ಪೈಪು ಜೋಡಿಸಿದವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನಾನು ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳುವವನು, ನಮ್ಮ ಓಣಿಯ ನೀರಿನ ಸಮಿತಿಯ ಕಾರ್ಯದರ್ಶಿ.

ಕೊಲಂಬೊದಲ್ಲಿ ಓದಲು ನಾನು ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆದಿದ್ದೆ. ಹಾವೇರಿ ನಿಲ್ದಾಣದಲ್ಲಿ ರೈಲು ಕಾಯುವಾಗ ಅದರ ಸಾರಾಂಶವನ್ನು ಕನ್ನಡದಲ್ಲಿ ಹೇಳಿದೆ. ವಾರ್ಡ್ ಸಮಿತಿ, ಜನಸಹಭಾಗಿತ್ವ, ಪಾರದರ್ಶಕತೆ ಎಲ್ಲವೂ ಇದ್ದವು. ಗಿರಿಜಕ್ಕ ಶೇಂಗಾ ಸುಲಿಯುತ್ತ ಪೂರ್ತಿ ಕೇಳಿದರು.

"ನಮ್ಮ ಕೊಡದ ಪಾಳಿ ಬರದಿಲ್ಲೇನ್ರಿ ಸರ?"

"ಅದನ್ನ ಯಾಕ ಬರೀಬೇಕ್ರಿ ಅಕ್ಕಾರ? ನಳದ ಮುಂದ ಕೊಡ ಸಾಲಹಚ್ಚಿ ಇಡೂದು ನಮ್ಮ ಕೊರತಿ ತೋರಿಸಿದಂಗ."

"ನೀರು ಕಡಿಮಿ ಇರೂದು ಕೊರತಿರಿ. ಪಾಳಿ ಕೊರತಿ ಅಲ್ಲ" ಎಂದು ಅವರು ಸಿಪ್ಪೆ ಊದಿದರು. ನಾನು ನಕ್ಕು ಹಾಳೆ ಮಡಚಿಟ್ಟೆ.

ಕೊಲಂಬೊದಲ್ಲಿ ಸುಂಕದ ಅಧಿಕಾರಿ ಗಿರಿಜಕ್ಕನ ಚೀಲ ಬಿಚ್ಚಿಸಿದ. ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕೆಳಗೆ ಒಂದು ದೊಡ್ಡ ಡಬ್ಬಿ ಖಾರದ ಪುಡಿ. ಪುಡಿಯ ಬಣ್ಣ ನೋಡಿ ಅವನಿಗೆ ಅದು ಕುಂಕುಮವೋ ಬಣ್ಣವೋ ಎಂದು ಅನುಮಾನ. ಮೂಗಿನ ಹತ್ತಿರ ಒಯ್ದ. ಮುಂದಿನ ಐದು ನಿಮಿಷ ಆ ಸಾಲು ಮುಂದೆ ಸರಿಯಲಿಲ್ಲ. ಗಿರಿಜಕ್ಕ ಅವನಿಗೆ ನೀರಿನ ಬಾಟಲಿ ಕೊಟ್ಟು, "ಇದು ಖಾರ ಕಡಿಮಿ ಇರೂದಪಾ, ಬಣ್ಣದ ಕಾಯಿ. ಗುಂಟೂರ ಕಾಯಿ ಮೂಸಿದ್ರ ನೀ ಇಷ್ಟೊತ್ತಿಗೆ ದವಾಖಾನಿ ಒಳಗ ಇರತಿದ್ದಿ" ಎಂದು ಕನ್ನಡದಲ್ಲೇ ಸಮಾಧಾನ ಹೇಳಿದರು. ಅವನು ತಲೆಯನ್ನು ಎಡಕ್ಕೂ ಬಲಕ್ಕೂ ತೂಗಿದ. ನಮ್ಮಲ್ಲಿಯಂತೆ ಅಲ್ಲಿಯೂ ಅದಕ್ಕೆ ಹೌದು ಎಂದೇ ಅರ್ಥವೆಂದು ತಿಳಿದು ನಮಗೆ ಸಂತೋಷವಾಯಿತು.

ಖಾದರ್ ಸಾಹೇಬರಿಗೆ ಬೇರೆ ತರಹದ ನಿರಾಸೆ. ಅಲ್ಲಿ ಮುಸಲ್ಮಾನರಿದ್ದಾರೆ, ಉರ್ದು ನಡೆಯುತ್ತದೆ ಎಂದು ನಂಬಿ ಬಂದಿದ್ದರು. ಮಸೀದಿಯ ಮುಂದೆ ಸಲಾಂ ಹೇಳಿ ಮಾತಿಗಿಳಿದರೆ ಅವರೆಲ್ಲ ತಮಿಳು ಮಾತಾಡಿದರು. "ಸಲಾಂ ಒಂದs ನಡೀತು ನೋಡ್ರಿ ಸರ, ಮುಂದ ಗಾಡಿ ಬಂದ್" ಎಂದು ತಿರುಗಿ ಬಂದರು.

ಬೆಟ್ಟದ ಊರು

ಕೊಲಂಬೊದಲ್ಲಿ ನನ್ನ ಪ್ರಬಂಧಕ್ಕೆ ಚಪ್ಪಾಳೆ ಬಿತ್ತು. ಯಾರೂ ಪ್ರಶ್ನೆ ಕೇಳಲಿಲ್ಲ. ಮರುದಿನ ನಮ್ಮನ್ನು ಬೆಟ್ಟಕ್ಕೆ ಕಳಿಸಿದರು.

ಅಲ್ಲಿ ನಮ್ಮ ಜೊತೆಗಿದ್ದವರು ಸೆಲ್ವಂ, ಸ್ಥಳೀಯ ಸಭೆಯ ಅಧಿಕಾರಿ. ಮೂವತ್ತೈದರ ಆಸುಪಾಸಿನ ತೆಳ್ಳನೆಯ ಮನುಷ್ಯ. ಸಿಂಹಳ, ತಮಿಳು, ಇಂಗ್ಲಿಷ್ ಮೂರೂ ಬಲ್ಲವರು. ತೋಟದ ಸಾಲುಮನೆಯಲ್ಲೇ ಹುಟ್ಟಿ ಓದಿ ಮೇಲೆ ಬಂದವರು. ಹಾಲಿಲ್ಲದ ಚಹಾ ಕುಡಿಯುವುದನ್ನು ನಮಗೆ ಕಲಿಸಿದ್ದೂ ಅವರೇ. ಬೆಲ್ಲವನ್ನು ಚಹಾದೊಳಗೆ ಹಾಕುವುದಿಲ್ಲ. ಎಡಗೈಯ ಅಂಗೈಯಲ್ಲಿ ಒಂದು ತುಣುಕು ಇಟ್ಟುಕೊಂಡು, ಅದನ್ನು ಕಡಿದು ಕಡಿದು ಚಹಾ ಗುಟುಕರಿಸುತ್ತಾರೆ. ಇಷ್ಟು ಚಹಾ ಬೆಳೆಯುವ ಜನ ಹಾಲಿಲ್ಲದೆ ಕುಡಿಯುವುದು ಗಿರಿಜಕ್ಕನಿಗೆ ಸಂಕಟದ ಸಂಗತಿಯಾಗಿತ್ತು.

ಸಾಲುಮನೆಗಳ ತೊಟ್ಟಿಯನ್ನು ತೋರಿಸುವಾಗ ಸೆಲ್ವಂ ಮುಖ ಬೆಳಗುತ್ತಿತ್ತು. ಸಿಮೆಂಟು ಸಭೆಯದು, ಕಲ್ಲು ಹೊತ್ತವರು ಸಾಲುಮನೆಯವರು. ಅದಕ್ಕೆ ಅವರು ಬಳಸಿದ ಮಾತು ಶ್ರಮದಾನ, ನಮ್ಮದೇ ಮಾತು. ಖಾದರ್ ಸಾಹೇಬರು ಪೈಪಿನ ಪ್ರತಿಯೊಂದು ಜೋಡಣೆಯನ್ನೂ ಮುಟ್ಟಿ ನೋಡಿ, "ಎಲ್ಲೂ ಒಂದ ಹನಿ ಸೋರಂಗಿಲ್ಲ. ಛಲೋ ಕೈ ಐತಿ" ಎಂದರು. ಅವರಿಬ್ಬರೂ ಕೆಳಗಿನ ರಸ್ತೆಗೆ ಇಳಿದುಹೋದ ಮೇಲೆ, ಅದಾಗಿ ಹತ್ತು ನಿಮಿಷಕ್ಕೆ ಮೇಲಿನ ಗಿಡ ನಡೆದು ಬಂದದ್ದು.

ಮರುದಿನ ಬೆಳಿಗ್ಗೆ ನೆಲ ಪರೀಕ್ಷೆ ಮಾಡುವವರು ಬಂದರು. ಒರತೆಯ ಮೇಲಿನ ಇಳಿಜಾರಿನಲ್ಲಿ ಬಿರುಕು ಬಿಟ್ಟಿದೆ, ಉಳಿದ ಗುಡ್ಡವೂ ಇಂದೋ ನಾಳೆಯೋ ಹದಿನೈದು ದಿನಕ್ಕೋ ಕುಸಿದೇ ಕುಸಿಯುತ್ತದೆ ಎಂದು ಕೆಂಪು ಬಟ್ಟೆ ಕಟ್ಟಿ ಹೋದರು. ಸಾಲುಮನೆಯ ಎಲ್ಲರನ್ನೂ ಊರಿನ ಶಾಲೆಗೆ ತಂದರು. ರಸ್ತೆ ಎರಡು ಕಡೆ ಕೊಚ್ಚಿಹೋಗಿದ್ದರಿಂದ ನಾವೂ ಅದೇ ಶಾಲೆಯಲ್ಲಿ ಉಳಿದೆವು. ನಾನು ಕಣ್ಣು ಮುಚ್ಚಿದರೆ ಆ ಗಿಡ ಬರುತ್ತಿತ್ತು. ಕಣ್ಣು ತೆರೆದು ಕುಳಿತರೆ ಬರುತ್ತಿರಲಿಲ್ಲ. ಹಾಗಾಗಿ ಕುಳಿತೇ ಇರುತ್ತಿದ್ದೆ.

ಶಾಲೆಯ ಅಂಗಳ

ಊರಿನ ದೊಡ್ಡ ಪೈಪೂ ಒಡೆದಿತ್ತು. ಸಭೆಯವರು ಟ್ಯಾಂಕರಿನಲ್ಲಿ ನೀರು ತರಿಸಿದರು. ಅದನ್ನು ಅಲ್ಲಿ ಬೌಸರ್ ಎನ್ನುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು. ಹೇಳಿದ ಹೊತ್ತಿಗೆ ತಪ್ಪದೆ ಬಂದದ್ದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ಸಭೆ ಮನೆಗೊಂದರಂತೆ ಕೊಟ್ಟ ಕಾರ್ಡು ಹಿಡಿದವರು ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಒಂದು ನಳದಿಂದ ತುಂಬಿಸಿಕೊಳ್ಳಬೇಕು. ಯಾರೂ ನುಗ್ಗುವುದಿಲ್ಲ, ಬೈಯುವುದಿಲ್ಲ. ಮಳೆ ಹನಿಯುತ್ತಿದ್ದರೂ ಎರಡು ಮೂರು ಗಂಟೆ ನಿಂತೇ ಇರುತ್ತಾರೆ. ಎಷ್ಟು ಶಿಸ್ತಿನ ಜನ ಎಂದು ಡೈರಿಯಲ್ಲಿ ಬರೆದುಕೊಂಡೆ.

ಎರಡನೆಯ ಮುಂಜಾನೆ ಬೆಳಕು ಹರಿಯುವ ಹೊತ್ತಿಗೆ ನಾನು ಶಾಲೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಏಳೆಂಟು ಹೆಂಗಸರು ಮೇಲಿನ ದಾರಿಯಿಂದ ಇಳಿದು ಬಂದರು. ತಲೆಯ ಮೇಲೆ ತುಂಬಿದ ಕೊಡಗಳು, ಪಾದದ ತುಂಬ ಕೆಂಪು ಕೆಸರು. ಮುಂದೆ ಮಾರಿಯಾಯಿ. ಅವಳ ಕೊಡಕ್ಕೆ ಹೊಸದೊಂದು ತಗ್ಗು ಬಿದ್ದಿತ್ತು. ಗಿರಿಜಕ್ಕ ಹೊಡೆದು ಉರುಳಿಸಿದ ಅದೇ ಕೊಡ. ಅವಳು ಕುಸಿದ ಜಾಗಕ್ಕೆ ಹೋಗಿ ಅದನ್ನು ಮಣ್ಣಿನಿಂದ ಹುಡುಕಿ ತೆಗೆದು, ಆ ಒರತೆಯಿಂದಲೇ ನೀರು ತುಂಬಿಕೊಂಡು ಬಂದಿದ್ದಳು.

ಸೆಲ್ವಂ ಬಂದ ಕೂಡಲೇ ಹೇಳಿದೆ. ಅವರು ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತರು.

"ನನಗೆ ಗೊತ್ತು. ದಾರಿಗೆ ಹಗ್ಗ ಕಟ್ಟಿಸಿದೆ, ಪೊಲೀಸನನ್ನು ನಿಲ್ಲಿಸಿದೆ. ತೋಟದ ಒಳಗಿಂದ ಹೋಗುತ್ತಾರೆ. ಮಾರಿಯಾಯಿ ನನ್ನ ತಾಯಿಯ ಅಕ್ಕ. ನನ್ನ ಮಾತನ್ನೇ ಕೇಳುವುದಿಲ್ಲ."

ಗಿರಿಜಕ್ಕನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. ಅವರು ಸೆಲ್ವಂಗೆ ಉತ್ತರಿಸದೆ ನೇರವಾಗಿ ಹೆಂಗಸರ ಹತ್ತಿರ ಹೋಗಿ ಕುಳಿತರು. ಇವರದು ಕನ್ನಡ, ಅವರದು ತಮಿಳು. ನೀರು, ಕೊಡ, ಕೈ, ಕಾಲು ಇಷ್ಟು ಮಾತು ಎರಡೂ ಕಡೆ ಹೇಗೋ ದಾಟುತ್ತಿತ್ತು, ಉಳಿದದ್ದಕ್ಕೆ ಕೈಸನ್ನೆ. ಅರ್ಧ ಗಂಟೆಯ ಮೇಲೆ ಎದ್ದು ಬಂದು ನನ್ನ ಮುಂದೆ ನಿಂತರು.

"ನಿಮ್ಮ ಡೈರಿ ಒಳಗ ಶಿಸ್ತು ಅಂತ ಬರದ್ರಿ ಅಲ್ಲಾ, ಇದನ್ನೂ ಬರಕೋರಿ. ಇವರು ಏಳಕ್ಕ ಎಲಿ ಕೀಳಾಕ ಹೋಗಬೇಕು, ನಾಕೂವರಿಗೆ ಬರತಾರ. ನಿಮ್ಮ ಬೌಸರ್ ಒಂಬತ್ತಕ್ಕ ಮತ್ತ ಮೂರಕ್ಕ ಬರತೈತಿ. ಪಾಳ್ಯಾಗ ನಿಂತ್ರ ಕೂಲಿ ಹೋಗತೈತಿ, ಕೂಲಿಗೆ ಹೋದ್ರ ನೀರು ಹೋಗತೈತಿ. ಮತ್ತ ಅಲ್ಲೀಗೆ ಹೋಗದ ಏನ ಮಾಡಬೇಕ್ರಿ?"

ಸೆಲ್ವಂಗೆ ತಿಳಿಸಿದೆ. ಅವರು ಮೆಲ್ಲಗೆ, "ಇದನ್ನು ನನಗೆ ಯಾರೂ ಹೇಳಲಿಲ್ಲ" ಎಂದರು.

"ತಾವಾಗಿ ಹೋಗಿ ಕೇಳಿದ್ರೇನು ಅಂತ ಇವರನ್ನ ಕೇಳ್ರಿ" ಎಂದರು ಗಿರಿಜಕ್ಕ. ಅದನ್ನು ನಾನು ಅನುವಾದಿಸಲಿಲ್ಲ. ಸೆಲ್ವಂಗೆ ಅದು ಹೇಗೂ ತಿಳಿದಂತಿತ್ತು.

ಆಮೇಲೆ ಗಿರಿಜಕ್ಕ ಅಂಗಳದಲ್ಲಿ ಆಗಲೇ ಕೂಡತೊಡಗಿದ್ದ ಸಾಲಿನ ಕಡೆ ಕೈ ಮಾಡಿದರು. "ಕೊಡ ನಿಲ್ಲೂದು ಬಿಟ್ಟು ಮನಶ್ಯಾ ಯಾಕ ನಿಂತಾನ?"

ಬ್ಯಾಡಗಿಯಲ್ಲಿ ಅವರ ಓಣಿಯ ಪದ್ಧತಿಯನ್ನು ಅರಿಯದವರಿಗೆ ಹೇಳುತ್ತೇನೆ. ನೀರು ಬರುವ ದಿನ ಓಣಿಯ ನಳದ ಮುಂದೆ ಮನೆಗೊಂದು ಕೊಡ ಸಾಲಾಗಿ ಇಟ್ಟು ಹೆಂಗಸರು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಕೊಡವೇ ಮನುಷ್ಯ. ಆ ದಿನ ಪಾಳಿ ಕಾಯುವ ಸರದಿ ಯಾರದೋ ಅವಳೊಬ್ಬಳು ಕುಳಿತಿರುತ್ತಾಳೆ. ಅವಳು "ಬಿಡಪಾ" ಅಂದ ಮೇಲೆಯೇ ಪುರಸಭೆಯ ನೀರುಗಂಟಿ ವಾಲ್ ತಿರುಗಿಸುತ್ತಾನೆ. ಸರದಿ ಬಂದಾಗ ಕೊಡದ ಒಡತಿ ಇರದಿದ್ದರೆ ಅವಳ ಹಿಂದಿನವಳು ಮೊದಲು ಅವಳದನ್ನು ತುಂಬಿ ಪಕ್ಕಕ್ಕಿಟ್ಟು, ಆಮೇಲೆ ತನ್ನದನ್ನು ಹಿಡಿಯಬೇಕು. ಅದನ್ನು ಬಿಟ್ಟು ತನ್ನದನ್ನು ಹಿಡಿದವಳ ಕೊಡ ಮುಂದಿನ ಪಾಳಿಗೆ ಕೊನೆಗೆ ಹೋಗುತ್ತದೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ.

"ವಾಲ್ ಪುರಸಭೇದು, ಪಾಳಿ ಓಣೀದು. ಇಷ್ಟs ಹೇಳ್ರಿ ಇವರಿಗೆ" ಎಂದರು ಗಿರಿಜಕ್ಕ.

ಸೆಲ್ವಂ ಅನುಮಾನಿಸಿದರು. ಕಾರ್ಡು ತೋರಿಸಿದ ಮನುಷ್ಯನಿಗೆ ಮಾತ್ರ ನೀರು ಎಂದು ನಿಯಮ. ಅವರು ಸಭೆಯ ಅಧ್ಯಕ್ಷರನ್ನು ಕರೆತಂದರು. ಅಧ್ಯಕ್ಷರು ದಪ್ಪನೆಯ, ಮಾತು ಕಡಿಮೆಯ ಮನುಷ್ಯ. ಎಲ್ಲ ಕೇಳಿ, ಗಿರಿಜಕ್ಕನನ್ನು ನೋಡಿ, ಇವರು ಯಾರು ಎಂದರು. ಬ್ಯಾಡಗಿ ಪುರಸಭೆಯ ಸದಸ್ಯೆ ಎಂದೆ. "ಹಾಗಾದರೆ ನಮ್ಮವರೇ" ಎಂದು ಒಪ್ಪಿಗೆ ಕೊಟ್ಟು ಚಹಾ ತರಿಸಿದರು. ಮೊದಲ ಬೌಸರನ್ನು ಬೆಳಿಗ್ಗೆ ಆರಕ್ಕೆ ತರುವುದೆಂದೂ ಆಯಿತು.

ಹಳದಿ ಕ್ಯಾನುಗಳು

ಮರುದಿನ ಆರು ಗಂಟೆಗೆ ಪಾಳಿ ಹೂಡಿದೆವು. ಕೆಟ್ಟು ಕೆರ ಹಿಡಿಯಿತು.

ತಪ್ಪು ಪೂರ್ತಿ ನಮ್ಮದು. ಹಿಂದಿನ ಸಂಜೆ ಯಾರೋ ದಾನಿಗಳು ಎಲ್ಲ ಮನೆಗೂ ಒಂದೊಂದು ಹೊಸ ಹಳದಿ ಪ್ಲಾಸ್ಟಿಕ್ ಕ್ಯಾನು ಕಳಿಸಿದ್ದರು. ಹೊಸದೆಂದು ಜನ ಅದನ್ನೇ ಸಾಲಿಗಿಟ್ಟರು. ಚೆನ್ನಾಗಿ ಕಾಣುತ್ತಿತ್ತು, ನಾನು ಫೋಟೋ ಕೂಡ ತೆಗೆದೆ. ನೀರು ಬಿಟ್ಟ ಹತ್ತು ನಿಮಿಷಕ್ಕೆ ತುಂಬಿದ್ದು ಯಾರದು, ತುಂಬಬೇಕಾದದ್ದು ಯಾರದು ಒಬ್ಬರಿಗೂ ತಿಳಿಯಲಿಲ್ಲ. ಇಬ್ಬರು ಹೆಂಗಸರು ಒಂದೇ ಕ್ಯಾನಿನ ಹಿಡಿಕೆ ಹಿಡಿದು ಜಗ್ಗಿದರು, ಮುಚ್ಚಳ ಹಾರಿ ಸೆಲ್ವಂ ಅಂಗಿ ತೋಯ್ದಿತು. ಎರಡು ದಿನ ಒಂದು ಮಾತೂ ಆಡದೆ ಮಳೆಯಲ್ಲಿ ನಿಂತ ಜನ ಅಂದು ಅಂಗಳ ಹಾರಿಹೋಗುವಂತೆ ಕೂಗಾಡಿದರು.

ಖಾದರ್ ಸಾಹೇಬರು ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದರು. "ಅಕ್ಕಾ, ಬ್ಯಾಡಗಿ ಒಳಗ ನಿಮ್ಮ ಕೊಡದ ಸೊಟ್ಟ ಮೂತಿ ಇಡೀ ಓಣಿಗೆ ಗೊತ್ತು. ಇವು ನೋಡ್ರಿ, ಒಂದ ತಾಯಿ ಹೊಟ್ಟ್ಯಾಗ ಒಮ್ಮಿಗೇ ಹುಟ್ಯಾವು."

"ನಗಬ್ಯಾಡ್ರಿ ಸಾಹೇಬ್ರ. ತೋಚಿದ್ರ ಹೇಳ್ರಿ, ಇಲ್ಲಂದ್ರ ಬಾಯಿ ಮುಚಗೊಂಡು ಕುಂದ್ರಿ."

"ನನಗ ಪೈಪಿನ ವಿಷಯ ಅಷ್ಟs ತೋಚತೈತಿ. ಒಂದs ನಳ ಇಟ್ಟಾರ, ಅದಕ್ಕs ಇಷ್ಟೊತ್ತು ಹಿಡೀತೈತಿ" ಎಂದು ಅವರು ಎದ್ದು ಹೋದರು. ಮಣ್ಣಿನಡಿಯಿಂದ ತೆಗೆದು ಹಾಕಿದ್ದ ಒಡೆದ ಪೈಪಿನ ತುಂಡುಗಳನ್ನು ಆರಿಸತೊಡಗಿದರು.

ಗಿರಿಜಕ್ಕ ಸ್ವಲ್ಪ ಹೊತ್ತು ಗಲ್ಲಕ್ಕೆ ಕೈಕೊಟ್ಟು ಕುಳಿತರು. ಮೋಟೆಬೆನ್ನೂರು ಅವರ ತವರು. ಬ್ರಿಟಿಷರ ಕಾಲದಲ್ಲಿ ಜೈಲು ಕಂಡು ಬಂದ ಅಜ್ಜನ ಮೊಮ್ಮಗಳು. ಸೋತೆ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಆಮೇಲೆ ತಮ್ಮ ಚೀಲದಿಂದ ಒಂದು ಹಳೆಯ ಸೀರೆ ತೆಗೆದು ಅಂಚು ಹರಿದು, ಒಂದು ಕ್ಯಾನಿನ ಹಿಡಿಕೆಗೆ ಕಟ್ಟಿದರು. ಮಾರಿಯಾಯಿಯ ಸೀರೆಯ ಸೆರಗು ಹಿಡಿದು ತೋರಿಸಿ, ನೀನೂ ಕಟ್ಟು ಎಂದು ಸನ್ನೆ ಮಾಡಿದರು.

ನನಗೆ ಅರ್ಥವಾಗಲಿಲ್ಲ. ಇಷ್ಟು ಮನೆಗಳ ಬಟ್ಟೆಯ ಚೂರುಗಳನ್ನು ಯಾರು ನೆನಪಿಡುತ್ತಾರೆ ಎಂದು ಕೇಳಿದೆ.

"ನೀವು ಗಂಡಸರು ಬಿಡ್ರಿ. ನೆರೀಮನಿಯಾಕಿ ಸೀರಿ ಗುರ್ತು ಸಿಗದ ಹೆಂಗಸು ಈ ಭೂಮಿ ಮ್ಯಾಲ ಎಲ್ಲೆರ ಅದಾಳೇನ್ರಿ?"

ಹೆಂಗಸರು ಕೂಲಿಗೆ ಹೊರಡುವ ಮೊದಲೇ ಪ್ರತಿ ಕ್ಯಾನಿಗೂ ಒಂದು ಚೂರು ಕಟ್ಟಿತ್ತು. ಮದುವೆಯ ಕೆಂಪು, ಮಾಸಿದ ಹಸಿರು, ಹೂವಿನ ಚೀಟಿ ಬಟ್ಟೆ. ಮಧ್ಯಾಹ್ನದ ಹೊತ್ತಿಗೆ ಖಾದರ್ ಸಾಹೇಬರು ಒಡೆದ ಪೈಪುಗಳನ್ನು ಕೂಡಿಸಿ ಆರು ನಳ ಇರುವ ಒಂದು ಕೊಳವೆ ಮಾಡಿ ಬೌಸರಿಗೆ ಸಿಕ್ಕಿಸಿದರು. ಸಭೆಯ ಪ್ಲಂಬರುಗಳು ಅವರ ಭಾಷೆ ತಿಳಿಯದೆಯೇ ಕೈಗೆ ಕೈ ಕೊಟ್ಟು ಕೆಲಸ ಮಾಡಿದರು. ಅಂದು ಪಾಳಿ ಕಾಯಲು ಕುಳಿತವಳು ಎಳೆಗೂಸಿನ ತಾಯಿ, ಕೂಲಿಗೆ ಹೋಗಲಾಗದವಳು. ಅವಳು ಕೈ ಎತ್ತಿದ ಮೇಲೆಯೇ ಸೆಲ್ವಂ ವಾಲ್ ತಿರುಗಿಸಿದರು. ಅಧಿಕಾರಿಯೊಬ್ಬ ಒಬ್ಬ ಕೂಲಿ ಹೆಣ್ಣುಮಗಳ ಕೈಯನ್ನೇ ನೋಡುತ್ತ ನಿಂತದ್ದನ್ನು ನಾನು ಮರೆಯುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ಎಲ್ಲವೂ ತುಂಬಿದವು.

ನಾಲ್ಕೂವರೆಗೆ ತೋಟದಿಂದ ಹೆಂಗಸರು ಬಂದರು. ಮಾರಿಯಾಯಿ ನಂಬಿಕೆ ಇಲ್ಲದವಳಂತೆ ನೇರವಾಗಿ ಸಾಲಿನ ಹತ್ತಿರ ಹೋದಳು. ತನ್ನ ಹಸಿರು ಚೂರು ಕಂಡಿತು. ಕ್ಯಾನು ಎತ್ತಿ ನೋಡಿದಳು, ಮುಚ್ಚಳ ತೆಗೆದು ಅಂಗೈಗೆ ಸ್ವಲ್ಪ ಸುರುವಿಕೊಂಡು ಕುಡಿದಳು. ಆಮೇಲೆ ಏನೋ ಕೇಳಿದಳು.

"ಇದನ್ನು ಯಾರು ತುಂಬಿದರು ಎಂದು ಕೇಳುತ್ತಿದ್ದಾಳೆ" ಎಂದರು ಸೆಲ್ವಂ.

"ಅದನ್ನ ಕೇಳಬಾರದು ಅಂತ ಹೇಳ್ರಿ" ಎಂದರು ಗಿರಿಜಕ್ಕ. "ನಾಳೆ ತಾನು ಇನ್ನೊಬ್ಬರದು ತುಂಬಿದ್ರ ಮುಗೀತು."

ನನ್ನ ಪ್ರಬಂಧದಲ್ಲಿ ಜನಸಹಭಾಗಿತ್ವ ಎಂಬ ಪದ ಎಷ್ಟೋ ಸಲ ಇತ್ತು. ಅದರ ಅರ್ಥ ನನಗೆ ತಿಳಿದದ್ದು ಆ ಅಂಗಳದಲ್ಲಿ. ನಮ್ಮ ಕೊರತೆ ಎಂದು ನಾಚಿ ಮುಚ್ಚಿಟ್ಟಿದ್ದನ್ನು ಒಂದು ಪರದೇಶದ ಊರು ಎರಡೂ ಕೈಯಿಂದ ತೆಗೆದುಕೊಂಡಿತು. ನಾನು ಹಾವೇರಿ ಜಿಲ್ಲೆಯವನೆಂದು ಅಷ್ಟು ಎದೆಯುಬ್ಬಿಸಿ ಹಿಂದೆಂದೂ ನಿಂತಿರಲಿಲ್ಲ.

ಹೊರಡುವ ಮುಂಜಾನೆ

ಒರತೆಗೆ ಹೋಗುವವರು ದಿನದಿನಕ್ಕೆ ಕಡಿಮೆಯಾದರು. ಏಳಿದ್ದದ್ದು ಮೂರಾಯಿತು, ಆಮೇಲೆ ಒಬ್ಬಳು. ಆ ಒಬ್ಬಳು ಮಾರಿಯಾಯಿ.

ರಸ್ತೆ ತೆರೆದು ನಾವು ಹೊರಡುವ ದಿನ ಬೆಳಿಗ್ಗೆ ಐದೂಮುಕ್ಕಾಲಕ್ಕೆ ಅವಳು ತಗ್ಗು ಬಿದ್ದ ಕೊಡ ಹಿಡಿದು ಮೇಲೆ ಹೊರಟದ್ದನ್ನು ಕಂಡೆ. ಅಡ್ಡ ನಿಂತೆ. ಸೆಲ್ವಂ ಓಡಿ ಬಂದರು, ಗಿರಿಜಕ್ಕ ಬಂದರು. ಮುದುಕಿಯ ಉತ್ತರ ಸರಳವಾಗಿತ್ತು: ಕುಡಿಯಲು ಬೌಸರಿನ ನೀರು ಸರಿ. ಆದರೆ ತನ್ನ ಅತ್ತೆಯ ಕಾಲದಿಂದಲೂ ದೇವರ ಮುಂದೆ ಇಡುವುದು ಒರತೆಯ ನೀರು. ಪೈಪಿನ ನೀರು ದೇವರಿಗೆ ಹೇಗೆ ಇಡಲಿ?

ಗಿರಿಜಕ್ಕ ಅವಳ ಕೈ ಹಿಡಿದು, "ಹೋಗಬ್ಯಾಡಬೇ, ನಿನ್ನ ಕಾಲ ಬೀಳತೇನಿ" ಎಂದರು. ಮಾರಿಯಾಯಿ ಅವರ ಗಲ್ಲ ಸವರಿ ನಕ್ಕಳು. ಹೂಂ ಎನ್ನಲಿಲ್ಲ. ಅಂದೇನೋ ತಿರುಗಿ ಶಾಲೆಗೆ ಬಂದಳು. ನಾಳೆಯ ಮಾತು ಕೊಡಲಿಲ್ಲ. ನಮ್ಮ ವ್ಯಾನು ಹೊರಟಿತು. ನಾನು ಹಿಂದಿನ ಗಾಜಿನಿಂದ ಬೆಟ್ಟವನ್ನು ನೋಡದಿರಲು ಪ್ರಯತ್ನಪಟ್ಟೆ.

ಬ್ಯಾಡಗಿ, ರಾಣೆಬೆನ್ನೂರು

ಊರಿನಲ್ಲಿ ನಮಗೆ ಸತ್ಕಾರ ನಡೆಯಿತು. ಬ್ಯಾಡಗಿಯ ಸಭೆಯಲ್ಲಿ ನಾನು ಕೊಡದ ಪಾಳಿಯ ಕಥೆ ಹೇಳಿದೆ. ಆಗಷ್ಟೇ ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಬರತೊಡಗಿತ್ತು. ಘಾಟಿಗೆ ಕೆಮ್ಮುತ್ತ ಮಾತಾಡಿದೆ, ಜನ ಕೆಮ್ಮುತ್ತ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಗಿರಿಜಕ್ಕನ ಓಣಿಯ ಒಬ್ಬ ಅಜ್ಜಿ ಎದ್ದು, "ಅಲ್ಲರಿ ಸರ, ಇದನ್ನ ಹೇಳಾಕ ಇಮಾನದಾಗ ಹೋಗಬೇಕಾತೇನು?" ಎಂದಳು. ಇಡೀ ಸಭೆ ನಕ್ಕಿತು. ನಾನೂ ನಕ್ಕೆ.

ಆದರೆ ನಿದ್ದೆ ಬರಲಿಲ್ಲ. ಬೆಳಗಿನ ಜಾವ ತಾನಾಗಿ ಎದ್ದು ಕೂಡುತ್ತಿದ್ದೆ. ಗಿಡ ನಡೆದು ಬರುತ್ತಿತ್ತು. ಕಾಲುದಾರಿಯ ಮೇಲೆ ಈಗ ಮಾರಿಯಾಯಿ ಒಬ್ಬಳೇ ಇರುತ್ತಿದ್ದಳು. ಗಡಿಯಾರ ನೋಡುತ್ತಿದ್ದೆ: ಐದೂಕಾಲು, ಅಂದರೆ ಅಲ್ಲಿ ಐದೂಮುಕ್ಕಾಲು, ಅವಳು ಕೊಡ ಹಿಡಿದು ಹೊರಡುವ ಹೊತ್ತು. ಹೆಂಡತಿ ಎರಡು ವಾರ ನೋಡಿ, "ದವಾಖಾನಿಗರೆ ತೋರಸ್ರಿ, ಇಲ್ಲಾ ಆ ಗಡ್ಯಾರರೆ ಒಗೀರಿ" ಎಂದಳು.

ಒಂದು ಗುರುವಾರ ಮಧ್ಯಾಹ್ನ ಕಾಲೇಜಿನ ಕಚೇರಿಗೆ ಸೆಲ್ವಂ ಫೋನು ಬಂತು. ನಾನು ರಿಸೀವರ್ ಕಿವಿಗೆ ಹಿಡಿದೆ. ಅವರೇ ಹೇಳಿದರು. ಇಳಿಜಾರು ಆ ದಿನ ಬೆಳಿಗ್ಗೆ ಆರಕ್ಕೆ ಐದು ನಿಮಿಷವಿರುವಾಗ ಕುಸಿದು ಬಂತು. ಒರತೆ, ಬಂಡೆ, ಸಾಲುಮನೆಗಳು ಎಲ್ಲವೂ ಮುಚ್ಚಿಹೋದವು. ಶಾಲೆಯಲ್ಲಿ ತಲೆ ಎಣಿಸಿದರು. ಎಲ್ಲರೂ ಇದ್ದರು.

"ಮಾರಿಯಾಯಿ?"

"ಇವತ್ತು ಪಾಳಿ ಕಾಯುವ ಸರದಿ ಅವಳದು. ಐದು ಗಂಟೆಯಿಂದ ಅಂಗಳದಲ್ಲಿ ಕುಳಿತಿದ್ದಳು. ದೇವರ ನೀರಿಗೆ ಆಮೇಲೆ ಹೋಗುತ್ತೇನೆ, ಪಾಳಿ ಬಿಟ್ಟು ಹೇಗೆ ಏಳಲಿ ಎಂದಳಂತೆ."

ಪಾಠ ಬಿಟ್ಟು ಬಸ್ಸು ಹತ್ತಿ ಬ್ಯಾಡಗಿಗೆ ಹೋದೆ. ಗಿರಣಿ ತಿರುಗುತ್ತಿತ್ತು. ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು ಕೂತ ಗಿರಿಜಕ್ಕ ನನ್ನ ಮುಖ ನೋಡಿ ಮೊದಲು ಹೆದರಿದರು. ಗಿರಣಿಯ ಸದ್ದನ್ನು ಮೀರಿ ಕೂಗಿ ಕೂಗಿ ಹೇಳಿದೆ. ಪಾಳಿ ಕಾಯುತ್ತಿದ್ದವಳು ಯಾರು ಎಂದು ಹೇಳಿದ ಕೂಡಲೇ ಅವರು ಕೈ ಚಾಚಿ ಗಿರಣಿ ಬಂದ್ ಮಾಡಿದರು. ಬೀಸಿಸಲು ಬಂದವರೆಲ್ಲ ತಿರುಗಿ ನೋಡಿದರು.

"ನಾನೂ ಮಲಗಿಲ್ರಿ ಸರ" ಎಂದರು. "ಯಾರಿಗೂ ಹೇಳಿದ್ದಿಲ್ಲ. ಕಣ್ಣು ಮುಚ್ಚಿದ್ರ ಆಕಿ ಕೈ ನನ್ನ ಕೈಯಾಗಿಂದ ಜಾರತಿತ್ತು."

ಜೋಳದ ಚೀಲದ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡರು. ಹಿಟ್ಟೂ ಕಣ್ಣೀರೂ ಕೂಡಿ ಗಲ್ಲಕ್ಕೆ ಮೆತ್ತಿಕೊಂಡಿತು. ಸರದಿಯಲ್ಲಿದ್ದ ಒಬ್ಬ ಹೆಂಗಸು ಸಂಕೋಚದಿಂದ, "ಅಕ್ಕಾರ, ನಂದಿನ್ನೂ ಅರ್ಧ ಐತ್ರಿ" ಎಂದಳು. ಗಿರಿಜಕ್ಕ ಎದ್ದು ಮತ್ತೆ ಗಿರಣಿ ಹಾಕಿದರು.

ಅಂದು ರಾತ್ರಿ ರಾಣೆಬೆನ್ನೂರಿಗೆ ತಿರುಗಿ ಬಂದು ಉಂಡು ಮಲಗಿದೆ. ಮುಂದೆ ನೆನಪಿರುವುದು ಹೆಂಡತಿ ಭುಜ ಅಲುಗಿಸಿದ್ದು. ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು.

"ಎಂಟಾತು, ಏಳ್ರಿ. ಕಾಲೇಜಿಗೆ ಹೋಗಂಗಿಲ್ಲೇನು?"